ಕೌದಿಯ ಎರಡು ಮೂಲೆ

ಹೋದ ತಿಂಗಳು ಮಾಟುಂಗದ ಕನ್ನಡ ಸಂಘದ ಸ್ಮರಣ ಸಂಚಿಕೆಯ ಕೆಲಸ ನೋಡಿಕೊಳ್ಳುವ ಸ್ನೇಹಾ ಎಂಬ ಹುಡುಗಿ ಮುಲುಂಡಿನ ನಮ್ಮ ಮನೆಗೆ ಬಂದು ಒಂದು ಹಳೆಯ ಫೋಟೋ ನನ್ನ ಕೈಗಿಟ್ಟಳು.

"ಆಂಟಿ, ಇದರಲ್ಲಿ ನೀವು ಇದ್ದೀರಿ ನಾ? ಬಸ್, ಎರಡು ಪೇಜ್ ಬರೆದುಕೊಡಿ. ಆ ವರ್ಷದ್ದು ಏನಾದರೂ ಸ್ವೀಟ್ ನೆನಪು."

ಫೋಟೋದ ನಡುವೆ ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿ. ಅವರ ಹೆಗಲ ಮೇಲೊಂದು ಕೌದಿ, ಹಳೆಯ ಅರಿವೆಗಳನ್ನು ಕೂಡಿಸಿ ಹೊಲಿದ ಹೊದಿಕೆ. ಪಕ್ಕದಲ್ಲಿ ಮಹಿಳಾ ವಿಭಾಗದ ಕಾರ್ಯದರ್ಶಿಯಾಗಿದ್ದ ಲಲಿತಮ್ಮನವರು, ಕೌದಿ ಜಾರದಂತೆ ಅದರ ಅಂಚು ಹಿಡಿದುಕೊಂಡಿದ್ದಾರೆ. ಬಲತುದಿಯಲ್ಲಿ ಹೂವಿನ ತಟ್ಟೆ ಹಿಡಿದು ನಿಂತ ಇಪ್ಪತ್ತು ವರ್ಷದ ಹುಡುಗಿ ನಾನು. ಅಚ್ಚಿಗೆ ಕಳಿಸಲೆಂದು ಫೋಟೋದ ಕೆಳಗೆ ಆಗಲೇ ಒಂದು ಚೀಟಿ ಅಂಟಿಸಿದ್ದರು: "ಸಂಘದ ಮಹಿಳೆಯರು ಹೊಲಿದ ಕೌದಿಯನ್ನು ಮುಖ್ಯ ಅತಿಥಿಗಳಿಗೆ ಕಾಣಿಕೆಯಾಗಿ ಅರ್ಪಿಸಿದ ಸಂದರ್ಭ."

ಅದನ್ನು ಎರಡು ಸಲ ಓದಿದೆ. ಸಂಘದ ಮಹಿಳೆಯರು ಆ ಕೌದಿಗೆ ಹಾಕಿದ ಹೊಲಿಗೆ ಒಂದು ಮೊಳ ಇದ್ದರೆ ಹೆಚ್ಚು. ಅದನ್ನೂ ಹಾಕಬಾರದ ಜಾಗದಲ್ಲೇ ಹಾಕಿದ್ದರು. ಉಳಿದದ್ದೆಲ್ಲ ಇಬ್ಬರು ಹೆಂಗಸರ ಕೆಲಸ, ಆ ಇಬ್ಬರಲ್ಲಿ ಒಬ್ಬರೂ ಸಂಘದವರಲ್ಲ. ಕಾಣಿಕೆಯಾಗಿ ಅರ್ಪಿಸುವುದಕ್ಕೆ ಆ ಕೌದಿ ಅಲ್ಲಿದ್ದ ಯಾರದೂ ಆಗಿರಲಿಲ್ಲ. ಇನ್ನೂ ಹುಟ್ಟದ ಒಂದು ಕೂಸಿನದಾಗಿತ್ತು.

ನನಗೆ ಸಿಟ್ಟು ಬಂತು. ಇಷ್ಟು ವರ್ಷಗಳಲ್ಲಿ ಅದು ಆರಿರಬೇಕಿತ್ತು, ಆರಿಲ್ಲ. ಆದರೆ ಸಿಟ್ಟಿನ ಜೊತೆಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ನನ್ನ ನೆನಪಿನಲ್ಲಿ ಆ ಗಳಿಗೆಗೆ ನಾನು ವೇದಿಕೆಯ ಮೇಲೆ ಇರಲೇ ಇಲ್ಲ. ಸಭಾಗೃಹದ ಹಿಂದಿನ ಬಾಗಿಲಿಗೆ ಒರಗಿ ಅಳು ನುಂಗುತ್ತಿದ್ದೆ. ಇಷ್ಟು ಕಾಲ ಈ ಕಥೆಯನ್ನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ, ಮಕ್ಕಳಿಗೂ ಹೇಳಿದ್ದೇನೆ. ಫೋಟೋದಲ್ಲಿ ನಾನು ವೇದಿಕೆಯ ಮೇಲಿದ್ದೇನೆ, ಹಲ್ಲು ಕಾಣುವಷ್ಟು ನಗುತ್ತಿದ್ದೇನೆ.

ಸ್ನೇಹಾ ಹೋದ ಮೇಲೆ ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಸಮಾರಂಭದ ದಿನದ ಪುಟದಲ್ಲಿ ಮೂರೇ ವಾಕ್ಯ: "ಸಮಾರಂಭ ಚೆನ್ನಾಗಿ ನಡೆಯಿತು. ನನ್ನ ಸ್ವಾಗತ ಭಾಷಣವನ್ನು ಅತಿಥಿಗಳು ಮೆಚ್ಚಿದರು. ಸಂಜೆ ತಲೆನೋವು."

ಅಂದಮೇಲೆ ಓದುವವರು ನನ್ನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಯಾವುದು ಡೈರಿಯಲ್ಲಿದೆ, ಯಾವುದು ಬರೀ ನೆನಪು ಎಂದು ಸಾಧ್ಯವಾದಷ್ಟು ಹೇಳುತ್ತ ಹೋಗುತ್ತೇನೆ. ಸ್ನೇಹಾ ಕೇಳಿದ ಸಿಹಿ ಇದರಲ್ಲಿ ಇಲ್ಲ.

ಅದು ೧೯೫೬. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪರೇಲಿನ ಚಾಳೊಂದರ ಮೂರನೆಯ ಮಾಳಿಗೆಯಲ್ಲಿ ನಮ್ಮದು ಒಂದೇ ಖೋಲಿ. ಮುಂದೆ ಎಲ್ಲ ಖೋಲಿಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅವ್ವ ಪಾರವ್ವ, ಧಾರವಾಡದ ಕಡೆಯ ಹಳ್ಳಿಯವಳು. ಪಕ್ಕದ ಖೋಲಿಯಲ್ಲಿ ಯಮುನಾಬಾಯಿ, ಆಕೆಯ ಗಂಡ ದತ್ತೋಬಾ. ದತ್ತೋಬಾ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಾಂಗಲಿಯ ಕಡೆಯವರು, ಮನೆಮಾತು ಮರಾಠಿ. ಯಮುನಾಬಾಯಿಯ ತವರು ಗಡಿಯ ಊರಾದ್ದರಿಂದ ಆಕೆಗೆ ಒಂದಿಷ್ಟು ಕನ್ನಡ ಬರುತ್ತಿತ್ತು, ಅವ್ವನಿಗೆ ಒಂದಿಷ್ಟು ಮರಾಠಿ. ವರ್ಷಗಟ್ಟಲೆ ಗೋಡೆ ಹಂಚಿಕೊಂಡು ಇಬ್ಬರೂ ತಮ್ಮದೇ ಒಂದು ಮಾತು ಮಾಡಿಕೊಂಡಿದ್ದರು.

ಆ ಮಳೆಗಾಲ ಯಮುನಾಬಾಯಿಯ ಮಗಳು ಶೇವಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳು ನನಗಿಂತ ಒಂದು ವರ್ಷ ಚಿಕ್ಕವಳು. ಗ್ಯಾಲರಿಯಲ್ಲಿ ಒಟ್ಟಿಗೆ ಆಡಿ ಬೆಳೆದವರು ನಾವು. ಅವ್ವ ಅವಳ ಕೂಸಿಗೆ ಕೌದಿ ಹೊಲಿಯುತ್ತೇನೆಂದಳು. ನಮ್ಮ ಕಡೆ ಚೊಚ್ಚಲ ಕೂಸಿಗೆ ಬೇರೆ ಏನು ಕೊಟ್ಟರೂ ಬಿಟ್ಟರೂ ಕೌದಿ ತಪ್ಪುವುದಿಲ್ಲ. ಯಮುನಾಬಾಯಿ ತಾನೂ ಗೋದಡಿ, ಅಂದರೆ ಅವರ ಕಡೆಯ ಕೌದಿ, ಹೊಲಿಯಲು ಹಳೆಯ ಬಟ್ಟೆ ಕೂಡಿಸುತ್ತಿದ್ದಳು.

"ಅಗ ಪಾರೂ," ಎಂದಳು ಒಂದು ಮಧ್ಯಾಹ್ನ, ತನ್ನ ಗಂಟನ್ನು ತಂದು ನಮ್ಮ ನೆಲದ ಮೇಲೆ ಸುರಿದು. "ನಿಂದು ಕೌದಿ, ನಂದು ಗೋದಡಿ. ಕೂಸ ಒಂದು. ಎರಡು ಯಾಕ? ಒಂದ ಮಾಡೂನು. ತಾಯಿ ಕೂಸ ಇಬ್ಬರೂ ಹೊದೀಲಿ."

ಹಾಗೆ ಶುರುವಾಯಿತು. ತಳಕ್ಕೆ ಅಪ್ಪನ ಧೋತರ. ನಡುವೆ ಮೆತ್ತಗಾದ ಹಳೆಯ ಸೀರೆಗಳು. ಮೇಲೆ ತುಂಡುಗಳು: ಅಜ್ಜಿಯ ಇಳಕಲ್ ಸೀರೆಯ ಸೆರಗು, ಯಮುನಾಬಾಯಿಯ ಹಸಿರು ಒಂಬತ್ತು ವಾರಿ ಸೀರೆ, ದತ್ತೋಬಾನ ನೀಲಿ ಅಂಗಿಯ ಬೆನ್ನು, ನಾನು ಶಾಲೆಗೆ ಉಡುತ್ತಿದ್ದ ಪರಕಾರ, ಶೇವಂತಾಳ ಚಿಕ್ಕಂದಿನ ಝಬಲಾ. ಆ ಮಳೆಯಲ್ಲಿ ಒಗೆದದ್ದು ಒಣಗುತ್ತಿರಲಿಲ್ಲ. ಖೋಲಿಯ ಉದ್ದಕ್ಕೂ ಹಗ್ಗ ಕಟ್ಟಿ ಮೂರು ದಿನ ತೂಗುಹಾಕಿದರೂ ಸೆರಗಿನ ತುದಿ ತಣ್ಣಗೇ ಇರುತ್ತಿತ್ತು. ನಾನು ಓದಲು ಕುಳಿತರೆ ತಲೆಯ ಮೇಲೆ ಯಾರದೋ ಸೀರೆ. ಹಸಿ ಅರಿವೆಯ ಆ ವಾಸನೆ, ಸ್ಟೋವಿನ ಸೀಮೆಎಣ್ಣೆ ವಾಸನೆ, ಎರಡೂ ನನ್ನ ಇತಿಹಾಸದ ಪುಸ್ತಕಕ್ಕೆ ಹತ್ತಿಬಿಟ್ಟಿದ್ದವು.

ಅವರು ಹೊಲಿಯುತ್ತಿದ್ದ ರೀತಿಯನ್ನು ಇಲ್ಲಿ ಸರಿಯಾಗಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕೌದಿಯ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ಒಳಗೆ ಸರಿಯುತ್ತದೆ. ಅವ್ವ ಒಂದು ಮೂಲೆಯಲ್ಲಿ ಕುಳಿತಳು, ಯಮುನಾಬಾಯಿ ಅದರ ಎದುರಿನ ಮೂಲೆಯಲ್ಲಿ. ಒಬ್ಬಳ ಸಾಲಿನ ಪಕ್ಕಕ್ಕೆ ಇನ್ನೊಬ್ಬಳ ಸಾಲು, ಮತ್ತೆ ಇವಳದು, ಮತ್ತೆ ಅವಳದು. ಕೌದಿ ಪೂರ್ತಿ ಸಾಲು ಬಿಟ್ಟು ಸಾಲು ಇಬ್ಬರ ಕೈ. ಅವ್ವನ ಹೊಲಿಗೆ ಅಕ್ಕಿಕಾಳಿನಷ್ಟು, ಯಮುನಾಬಾಯಿಯದು ಅದರ ಎರಡರಷ್ಟು.

"ನಿನ್ನ ಟಾಕಾದಾಗ ಕೂಸಿನ ಕಾಲಬೆರಳು ಸಿಕ್ಕೊಂತೈತಿ ನೋಡು," ಎಂದು ಅವ್ವ ಛೇಡಿಸುತ್ತಿದ್ದಳು.

ಯಮುನಾಬಾಯಿ ಸೂಜಿಯನ್ನು ತಲೆಗೂದಲಿಗೆ ಸವರಿ ಮತ್ತೆ ಚುಚ್ಚುತ್ತ, "ಸಿಕ್ಕಲಿ. ಕಾಲ ಸಿಕ್ಕರ ಕೂಸ ನನ್ನ ಮನ್ಯಾಗ ಉಳೀತದ. ನಿಂದು ಇರಿವಿ ನಡದಂಗ. ನೀ ಮುಗಸೂದರಾಗ ಕೂಸಿನ ಲಗ್ನ ಆಗ್ತದ," ಎನ್ನುತ್ತಿದ್ದಳು.

ಶೇವಂತಾ ಗೋಡೆಗೊರಗಿ ಕಾಲು ಚಾಚಿ ಕುಳಿತು ಇಬ್ಬರಿಗೂ ದಾರ ಪೋಣಿಸಿಕೊಡುತ್ತಿದ್ದಳು. ನನಗೆ ಅದೂ ಬರುತ್ತಿರಲಿಲ್ಲ. "ಇದಕ ಬಿ.ಎ. ಆಗಬೇಕೇನ ಸರೂ?" ಎಂದು ಅವಳು ನಗುತ್ತಿದ್ದಳು.

ನಾಲ್ಕು ಮೂಲೆಗಳನ್ನು ಇಬ್ಬರೂ ಎರಡೆರಡು ಹಂಚಿಕೊಂಡರು. ಅವ್ವ ಬಣ್ಣದ ಚೂರುಗಳನ್ನು ಮೂರು ಮೂಲೆಯಾಗಿ ಮಡಚಿ ಒಂದರ ಮೇಲೊಂದು ಕೂರಿಸಿ ಹೂವು ಮಾಡಿದಳು. ಯಮುನಾಬಾಯಿ ತನ್ನ ಮದುವೆಯ ಶಾಲು ಸೀರೆಯಿಂದ ಎರಡು ಕೆಂಪು ಚೌಕ ಕತ್ತರಿಸಿ ತನ್ನ ಎರಡು ಮೂಲೆಗೆ ಹೊಲಿದಳು. ಮಗಳ ಮದುವೆಗೂ ಕತ್ತರಿ ಹಾಕದೆ ಇಟ್ಟುಕೊಂಡಿದ್ದ ಸೀರೆ ಅದು.

ನಟ್ಟನಡುವೆ ಮಾತ್ರ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಟ್ಟರು. ಅದು ಕೌದಿಯ ಹೊಟ್ಟೆ. ಅವ್ವನ ತವರಿನ ರೂಢಿಯಂತೆ ಕೌದಿಯನ್ನು ಕೊಡುವ ದಿನ ಆ ಹೊಟ್ಟೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಆಮೇಲೆ ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವರ ಹೊಟ್ಟೆಯೂ ಹಸಿದೇ ಇರುತ್ತದಂತೆ. ಯಮುನಾಬಾಯಿಗೆ ಈ ರೂಢಿ ಹೊಸದು. "ಇರಿವಿ ಬರ್ತಾವ ಅಗ," ಎಂದು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ಗಂಭೀರವಾಗಿ, "ನಿನ್ನ ರೊಟ್ಟಿ ಒಂದ ಯಾಕ? ನನ್ನ ಭಾಕರಿನೂ ಇಡೂನು," ಎಂದಳು. ಕೂಸು ಹುಟ್ಟಿದ ಐದನೆಯ ದಿನ ಎರಡೂ ಮನೆಯ ಚೂರು ಇಟ್ಟು ಮುಚ್ಚುವುದೆಂದು ಮಾತಾಯಿತು. ಇದು ಡೈರಿಯಲ್ಲಿದೆ. ಬರೆದ ಧಾಟಿಯೂ ಅಲ್ಲಿದೆ: "ಅವ್ವ ಮತ್ತು ಯಮುನಾಬಾಯಿ ಕೌದಿಗೆ ಊಟ ಹಾಕುವ ಚರ್ಚೆ ನಡೆಸಿದರು. ಈ ಕಾಲದಲ್ಲೂ!"

ಹೊರಗೆ ಆ ವರ್ಷ ಬೇರೆಯೇ ಹೊಲಿಗೆ, ಬೇರೆಯೇ ಕತ್ತರಿ. ಭಾಷೆಗೊಂದು ರಾಜ್ಯವಾಗುತ್ತದೆ, ಯಾವ ಊರು ಯಾರಿಗೆ, ಮುಂಬಯಿ ಯಾರಿಗೆ ಎಂದು ಮಾತು. ಅಪ್ಪ ಮತ್ತು ದತ್ತೋಬಾ ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದವರು. ಮೊದಲು ವಾದ ಮಾಡಿದರು, ಆಮೇಲೆ ವಾದ ಬಿಟ್ಟರು, ಆಮೇಲೆ ಪತ್ರಿಕೆ ಹಂಚಿಕೊಳ್ಳುವುದನ್ನೂ ಬಿಟ್ಟರು. ಇಬ್ಬರ ಹೆಂಡಂದಿರೂ ಅದೇ ನೆಲದ ಮೇಲೆ ದಿನಾ ಮಧ್ಯಾಹ್ನ ಸಾಲಿಗೆ ಸಾಲು ಸೇರಿಸುತ್ತಿದ್ದರು.

ನಾನು ಭಾನುವಾರಗಳಂದು ಮಾಟುಂಗದ ಸಂಘಕ್ಕೆ ಹೋಗುತ್ತಿದ್ದೆ. ಅಲ್ಲಿ ಲಲಿತಮ್ಮನವರು ನಮ್ಮಂಥ ಹುಡುಗಿಯರನ್ನು ಕೂಡಿಸಿ ಕನ್ನಡ ಓದಿಸುತ್ತಿದ್ದರು, ಬರೆಸುತ್ತಿದ್ದರು. ಮೈಸೂರಿನವರು, ದೊಡ್ಡ ಅಧಿಕಾರಿಯ ಹೆಂಡತಿ, ಮಾತು ಪುಸ್ತಕದಷ್ಟು ಚೊಕ್ಕ. ನನ್ನ ಪ್ರಬಂಧಗಳನ್ನು ಎಲ್ಲರೆದುರು ಓದಿ ಹೊಗಳುತ್ತಿದ್ದರು. ಅವರ ಕೈಯಲ್ಲಿ ಹೊಗಳಿಸಿಕೊಳ್ಳುವುದಕ್ಕೆ ನಾನು ಏನನ್ನಾದರೂ ಮಾಡುತ್ತಿದ್ದೆ ಎಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ದೀಪಾವಳಿಯ ಆಸುಪಾಸಿನಲ್ಲಿ, ಕನ್ನಡ ನಾಡು ಒಂದಾದ ಸಂಭ್ರಮಕ್ಕೆ ಸಂಘದಲ್ಲಿ ದೊಡ್ಡ ಸಮಾರಂಭ, ಅದರ ಜೊತೆಗೆ ಮೂರು ದಿನದ ಕೈಕೆಲಸದ ಪ್ರದರ್ಶನ. ಸ್ವಾಗತ ಭಾಷಣ ನನ್ನದೆಂದು ಲಲಿತಮ್ಮನವರು ಹೇಳಿದರು. ಒಂದು ಸಂಜೆ ವಸ್ತುಗಳನ್ನು ಕೂಡಿಸುತ್ತ ಅವರೇ ನಮ್ಮ ಚಾಳಿಗೆ ಬಂದು ಮೂರು ಮಾಳಿಗೆ ಹತ್ತಿದರು. ಗ್ಯಾಲರಿಯ ಕಟಾಂಜನದ ಮೇಲೆ ಕೌದಿ ಬಿಸಿಲಿಗೆ ಹಾಕಿತ್ತು. ಅದನ್ನು ನೋಡಿ ಅವರು ಅಲ್ಲೇ ನಿಂತುಬಿಟ್ಟರು.

"ಎಷ್ಟು ಚೆನ್ನಾಗಿದೆಯಮ್ಮ ಇದು. ಮೂರೇ ದಿನ ಕೊಡಿ. ಜೋಪಾನವಾಗಿ ತಂದು ಕೊಡ್ತೀನಿ."

ಅವ್ವನಿಗೆ ಮನಸ್ಸಿರಲಿಲ್ಲ. "ಇದು ಕೂಸಿಗಿ ಕೊಡೂದೈತ್ರಿ. ತೋರಸೂದಲ್ಲ," ಎಂದಳು.

ನಾನು ಹಟ ಹಿಡಿದೆ. ಏನೆಂದೆನೋ ನೆನಪಿಲ್ಲ. ಒಂದು ಮಾತು ಮಾತ್ರ ನೆನಪಿದೆ: "ನನ್ನ ಮಾನ ಹೋಗತೈತವ್ವಾ." ಕಡೆಗೆ ಯಮುನಾಬಾಯಿಯೇ, "ಮೂರ ದಿನ ಅಲಾ? ಹೋಗಿ ಬರಲಿ. ಕೂಸಕಿಂತ ಮೊದಲ ಬರಲಿ, ಸಾಕು," ಎಂದಳು. ಕೌದಿಯನ್ನು ನಾನೇ ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಲೋಕಲ್ ರೈಲಿನಲ್ಲಿ ಮಾಟುಂಗಕ್ಕೆ ಒಯ್ದೆ.

ಪ್ರದರ್ಶನದ ಹಿಂದಿನ ದಿನ ಲಲಿತಮ್ಮನವರು ಅದನ್ನು ಮೇಜಿನ ಮೇಲೆ ಹರಡಿ ನೋಡಿದರು.

"ಈ ಎರಡು ಮೂಲೆ ಬೇರೆ ಥರ ಇದೆಯಲ್ಲ?"

"ಅವು ಯಮುನಾಬಾಯಿ ಹೊಲಿದದ್ದು. ಅವ್ವನ ಜೊತೆಗೆ ಅವರೂ ಹೊಲಿದಿದ್ದಾರೆ."

"ಅಂದರೆ?"

"ನಮ್ಮ ನೆರೆಯವರು. ಮರಾಠಿಯವರು."

ಅವರು ಕೆಂಪು ಚೌಕವೊಂದರ ಅಂಚನ್ನು ಬೆರಳಿನಿಂದ ಎತ್ತಿ ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಎಂದಿನ ಸಿಹಿ ದನಿಯಲ್ಲಿ ಹೇಳಿದರು: "ನೋಡು ಸರೋಜಾ, ನಮಗೆ ಯಾರ ಮೇಲೂ ದ್ವೇಷ ಇಲ್ಲ. ಆದರೆ ಈ ವರ್ಷ ಎಂಥದ್ದು ಅಂತ ನಿನಗೇ ಗೊತ್ತು. ಕರ್ನಾಟಕದ ಕೈಕೆಲಸ ಅಂತ ಚೀಟಿ ಹಾಕಿ ಇಡ್ತೀವಿ. ಯಾರಾದರೂ ನೋಡಿ, ಇದು ಅವರ ಗೋದಡಿ ಅಲ್ಲವೇ ಅಂದರೆ? ನಾಲ್ಕೂ ಮೂಲೆ ಒಂದೇ ಥರ ಇದ್ದರೆ ನೋಡೋಕೂ ಲಕ್ಷಣ. ಅಮ್ಮನ ಹೂವಿನ ಹಾಗೆ ನಮ್ಮವರು ಮಾಡಿಕೊಡ್ತಾರೆ. ನೀನು ಈ ಎರಡನ್ನ ಹುಷಾರಾಗಿ ಬಿಚ್ಚು. ಇದೇನು, ನಡುವೆ ಹೊಲಿಯೋದು ಬಿಟ್ಟೇಹೋಗಿದೆ? ಅದನ್ನೂ ಮುಚ್ಚಿಸಿಬಿಡೋಣ."

ಸಣ್ಣ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು.

ಹೊಟ್ಟೆಯ ವಿಷಯ ನನಗೆ ಗೊತ್ತಿತ್ತು. ಹೇಳಲು ಎರಡು ಮಾತು ಸಾಕಿತ್ತು. ರೊಟ್ಟಿ ಚೂರಿನ ಕಥೆ ಹೇಳಿದರೆ ಅವರು ನನ್ನನ್ನು ಹಳ್ಳಿಯವಳೆಂದುಕೊಂಡಾರು ಎಂದು ಬಾಯಿ ಮುಚ್ಚಿಕೊಂಡೆ. ಮೂಲೆಗಳನ್ನೂ ನಾನೇ ಬಿಚ್ಚಿದೆ. ನನ್ನ ಕೈ ನಡುಗಿತೆಂದು ಇಷ್ಟು ವರ್ಷ ನಂಬಿದ್ದೆ. ಆ ದಿನದ ಡೈರಿಯಲ್ಲಿ ಹೀಗಿದೆ: "ಲಲಿತಮ್ಮನವರ ಜೊತೆ ಪ್ರದರ್ಶನದ ತಯಾರಿ. ಕೌದಿಯ ಮೂಲೆಗಳನ್ನು ಸರಿಮಾಡಿದೆವು." ನಡುಕ ಇಲ್ಲ. ಸರಿಮಾಡಿದೆವು. ಒಬ್ಬಳ ಹೆಸರನ್ನು ಅಳಿಸುವಾಗ ಅಳಿಸಿದೆವು ಎಂದು ಯಾರೂ ಬರೆಯುವುದಿಲ್ಲ ಎಂಬುದನ್ನು ನಾನು ಇತಿಹಾಸದ ಪುಸ್ತಕದಲ್ಲಿ ಓದಿ ಕಲಿತವಳಲ್ಲ, ನನ್ನದೇ ಅಕ್ಷರದಲ್ಲಿ ಓದಿ ಕಲಿತವಳು.

ಬಿಚ್ಚಿದ ಕೆಂಪು ಚೌಕಗಳನ್ನು ಗುಂಡುಸೂಜಿಯಿಂದ ಡೈರಿಯ ಪುಟಕ್ಕೆ ಚುಚ್ಚಿ ಇಟ್ಟೆ. ಈಗ ಆ ಪುಟದಲ್ಲಿ ಸೂಜಿಯ ತುಕ್ಕಿನ ಕಲೆ ಇದೆ, ಚೌಕಗಳಿಲ್ಲ. ಯಮುನಾಬಾಯಿಗೆ ಹಿಂದಿರುಗಿಸಿದೆ ಎಂದು ಹೇಳಿಕೊಳ್ಳಲು ಆಸೆ. ಹೇಳಲಾರೆ, ಗೊತ್ತಿಲ್ಲ.

ಸಮಾರಂಭಕ್ಕೆ ಅವ್ವ, ಯಮುನಾಬಾಯಿ ಇಬ್ಬರೂ ಬಂದರು. ಯಮುನಾಬಾಯಿ ಹಬ್ಬದ ಸೀರೆಯುಟ್ಟು, ಮೂಗಿಗೆ ನತ್ತು ಹಾಕಿಕೊಂಡು ಬಂದಿದ್ದಳು. ತನ್ನ ಹೊಲಿಗೆಯನ್ನು ಗೋಡೆಗೆ ಹಾಕಿದ್ದಾರೆಂದು ಅವಳ ತಿಳಿವಳಿಕೆ. ಗೋಡೆಯ ಹತ್ತಿರ ಹೋಗುವಷ್ಟರಲ್ಲಿ ಸಭೆ ಶುರುವಾಯಿತು, ಇಬ್ಬರೂ ನಾಲ್ಕನೆಯ ಸಾಲಿನಲ್ಲಿ ಕುಳಿತರು. ಅತಿಥಿಗಳು ಭಾಷಣದಲ್ಲಿ ಕೌದಿಯನ್ನು ಬಹಳ ಹೊಗಳಿದರು. ಹರಿದುಹೋದದ್ದನ್ನೆಲ್ಲ ಕೂಡಿಸುವ ಕಲೆ ಎಂದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನಿಲ್ಲುವ ಮೊದಲೇ ಲಲಿತಮ್ಮನವರು ಗೋಡೆಯಿಂದ ಕೌದಿಯನ್ನು ಇಳಿಸಿ, "ಸಂಘದ ಪರವಾಗಿ" ಎಂದು ಅವರ ಹೆಗಲಿಗೆ ಹೊದಿಸಿದರು. ಮತ್ತೆ ಚಪ್ಪಾಳೆ. ಫೋಟೋ ತೆಗೆದದ್ದು ಆಗಲೇ. ತಟ್ಟೆ ಹಿಡಿದವಳು ನಾನು.

ಜನ ಚದುರುವಾಗ ಅವ್ವ ಕೌದಿ ಇಳಿಸಿದ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು. ಯಮುನಾಬಾಯಿ ಖುಷಿಯಾಗಿಯೇ ಇದ್ದಳು. ದೊಡ್ಡವರ ಮೈಮೇಲೆ ಹಾಕಿ ತೆಗೆದರೆ ಅರಿವೆಗೆ ಆಶೀರ್ವಾದ ಸಿಕ್ಕಂತೆ ಎಂದು ತಿಳಿದಿದ್ದಳು. ನನ್ನ ತೋಳು ಹಿಡಿದು, "ಸರೂ, ಸಾಹೇಬರು ಯಾವಾಗ ತಿರುಗಿ ಕೊಡ್ತಾರ? ನಾ ನಿಂದ್ರತೇನು," ಎಂದಳು. ಅತಿಥಿಗಳ ಕಾರು ಆಗಲೇ ಗೇಟು ದಾಟಿತ್ತು. ಕೌದಿ ಹಿಂದಿನ ಸೀಟಿನ ಮೇಲಿತ್ತು. ನಾನು ಆಕೆಗೆ ಏನು ಹೇಳಿದೆ? ನಾಳೆ ಎಂದೆ. ಇದು ಡೈರಿಯಲ್ಲಿಲ್ಲ. ಆದರೆ ಇದನ್ನು ನಾನು ಹುಟ್ಟಿಸಿಕೊಂಡಿರಲಾರೆ. ಹುಟ್ಟಿಸಿಕೊಳ್ಳುವುದಿದ್ದರೆ ಇದಕ್ಕಿಂತ ಒಳ್ಳೆಯದನ್ನು ಹುಟ್ಟಿಸಿಕೊಳ್ಳುತ್ತಿದ್ದೆ.

ಮರುದಿನ ಅವ್ವ ನನ್ನನ್ನು ಕರೆದುಕೊಂಡು ಲಲಿತಮ್ಮನವರ ಮನೆಗೆ ಹೋದಳು. ಅವರು ಕಾಫಿ ಕೊಟ್ಟರು, ಸೋಫಾದ ಮೇಲೆ ಕೂರಿಸಿದರು. ಅವ್ವ ತುದಿಯಲ್ಲಿ ಕುಳಿತಳು.

"ನಿಮ್ಮ ಕೌದಿ ಬೆಂಗಳೂರಿಗೆ ಹೊರಟಿತು ಪಾರವ್ವ. ಎಂಥ ಗೌರವ."

"ಗೌರವ ನಿಮಗ ಆತ್ರಿ," ಎಂದಳು ಅವ್ವ. "ಥಂ‍ಡಿ ಕೂಸಿಗಿ ಆತು."

"ಛೆ, ಹಾಗೆಲ್ಲ ಅಂದ್ಕೋಬೇಡಿ. ಕೂಸಿಗೆ ನಾನೇ ಒಂದು ಉಣ್ಣೆ ಕಂಬಳಿ ತರಿಸಿಕೊಡ್ತೀನಿ. ಫೋರ್ಟಿನಲ್ಲಿ ಒಳ್ಳೇದು ಸಿಗತ್ತೆ."

"ಅಂಗಡ್ಯಾಗಿಂದು ಯಾರರ ಕೊಡ್ತಾರ್ರಿ. ನಾವು ಕೇಳಾಕತ್ತಿದ್ದು ನಮ್ಮದು. ನಮ್ಮನ್ನ ಒಂದು ಮಾತು ಕೇಳಲಿಲ್ಲ ನೀವು. ಹೊಟ್ಟಿ ಬ್ಯಾರೆ ಮುಚ್ಚಿ ಕಳಿಸೀರಿ. ಹಸಗೊಂಡ ಹೋತು ಅದು. ಮೂಲಿ ಯಾಕ ತಗದ್ರಿ? ನಾಕನೇ ಸಾಲಿನಾಗ ಕುಂತಾಕಿಗಿ ನನಗ ಕಾಣ್ಸಂಗಿಲ್ಲೇನು? ಆಕಿ ಪಾಪ ನಿಮ್ಮ ಸಾಹೇಬರ ಮುಖಾ ನೋಡ್ಕೊಂತ ಕುಂತಿದ್ಲು, ನಾ ಮೂಲಿ ನೋಡಾಕತ್ತಿದ್ದೆ."

ಲಲಿತಮ್ಮನವರಿಗೆ ಹೊಟ್ಟೆಯ ಮಾತು ಅರ್ಥವಾಗಲಿಲ್ಲ. ಮೂಲೆಯದು ಅರ್ಥವಾಯಿತು. ನನ್ನತ್ತ ತಿರುಗಿ, ಮೆಚ್ಚಿಕೊಳ್ಳುವ ದನಿಯಲ್ಲೇ ಹೇಳಿದರು: "ಅದಾ? ಹಾಳು ಮಾಡಿಲ್ಲ ಪಾರವ್ವ. ನಿಮ್ಮ ಮಗಳೇ ಬಿಚ್ಚಿದ್ದು. ಒಂದು ಎಳೆ ಕೀಳದ ಹಾಗೆ, ಬಹಳ ಚೊಕ್ಕ ಕೆಲಸ."

ಅವ್ವ ನನ್ನನ್ನು ನೋಡಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟಳು. ಅದನ್ನು ಮುಟ್ಟಿರಲಿಲ್ಲ.

ಲೋಕಲು ದಾದರ್ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ, "ಆಕಿಗಿ ನೀನ ಹೇಳು. ಬಿಚ್ಚಿದಾಕಿ ನೀನು, ನಾ ಹೇಳಂಗಿಲ್ಲ," ಎಂದಳು.

ಹೇಳಿದೆ. ಯಮುನಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಕೌದಿ ತಿರುಗಿ ಬರುವುದಿಲ್ಲ ಎಂಬ ಮಾತಿಗೆ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. ಮೂಲೆಯ ಮಾತಿಗೆ ಮಾತ್ರ ತಲೆಯೆತ್ತಿದಳು.

"ಎರಡ ಮೂಲಿ ಬಿಚ್ಚಿದಿ. ಒಳಗ ಸಾಲ ಬಿಟ್ಟ ಸಾಲ ನಂದ ಅದಾವ. ಅವು ಬಿಚ್ಚಿದ್ದರ ನಿಮ್ಮ ಕೌದಿ ಉಳೀತಿತ್ತೇನ?"

ನಿಮ್ಮ ಕೌದಿ. ಅಲ್ಲಿಯವರೆಗೆ ಆಕೆ ಎಂದೂ ಹಾಗೆ ಅಂದಿರಲಿಲ್ಲ.

"ಭಾಳ ಕಲ್ತೀ ಸರೂ," ಎಂದು ಎದ್ದು ಬಾಗಿಲು ಮುಚ್ಚಿದಳು. ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಮುಚ್ಚುವುದಿಲ್ಲ. ಗ್ಯಾಲರಿಯ ಅಷ್ಟೂ ಮನೆಗಳಿಂದ ಜನ ಇಣುಕಿ ನೋಡಿದರು.

ಹತ್ತು ದಿನಕ್ಕೆ ಶೇವಂತಾ ಹೆತ್ತಳು, ಹೆಣ್ಣುಕೂಸು. ಐದನೆಯ ದಿನ ಅವ್ವ ಒಬ್ಬಳೇ ಹೋಗಿ ಕೂಸನ್ನು ನೋಡಿ ಬಂದಳು. ಅದನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದರಂತೆ. ಕೌದಿಗೆ ಆಗುವಂಥ ಬಟ್ಟೆ ಎರಡೂ ಮನೆಯಲ್ಲಿ ಉಳಿದಿರಲಿಲ್ಲ. ಕೆಂಪು ಶಾಲು ಸೀರೆಗೂ ಕತ್ತರಿ ಬಿದ್ದಾಗಿತ್ತು. ಲಲಿತಮ್ಮನವರು ಕಳಿಸಿದ ಕಂಬಳಿಯನ್ನು ಅವ್ವ ನನ್ನ ಕೈಯಲ್ಲೇ ಹಿಂದಕ್ಕೆ ಕಳಿಸಿದಳು. ಸಂಘಕ್ಕೆ ನಾನು ಹೋದದ್ದು ಅದೇ ಕೊನೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಡೈರಿಯ ಪ್ರಕಾರ ಜನವರಿಯಲ್ಲಿ ಮತ್ತೆ ಎರಡು ಭಾನುವಾರ ಹೋಗಿದ್ದೇನೆ.

ಚಳಿ ಬಿದ್ದ ಮೇಲೆ ಅವ್ವ ತಾನು ದಿನಾ ಉಡುತ್ತಿದ್ದ ನಾಲ್ಕು ಸೀರೆಗಳಲ್ಲಿ ಎರಡನ್ನು ಒಗೆದು, ಒಣಗಿಸಿ, ಹರಿದಳು. ಹೊಸ ಕೌದಿಗೆ ಕುಳಿತಳು, ಒಂದೇ ಮೂಲೆಯಿಂದ. ನಾನು ಓದುತ್ತ ನೋಡುತ್ತಿದ್ದೆ. ಅವಳ ಸಾಲುಗಳ ನಡುವೆ ಒಂದೊಂದು ಸಾಲಿನ ಜಾಗ ಖಾಲಿ ಉಳಿಯುತ್ತಿತ್ತು.

"ನಡುವ ಯಾಕ ಬಿಡಾಕತ್ತೀಯವ್ವಾ?"

"ಅದು ನಂದಲ್ಲ," ಎಂದಳು.

ದಿನಾ ಮಧ್ಯಾಹ್ನ ಅದನ್ನು ಗ್ಯಾಲರಿಯಲ್ಲೇ ಹಾಸಿಕೊಂಡು ಹೊಲಿದಳು. ನಳದ ನೀರಿಗೆ ಹೋಗುವಾಗ ಯಮುನಾಬಾಯಿ ಅದನ್ನು ದಾಟಿಯೇ ಹೋಗಬೇಕು. ಕೊಡ ಎತ್ತಿಕೊಂಡು, ಅಂಚನ್ನು ತುಳಿಯದೆ, ಮಾತಾಡದೆ ದಾಟಿ ಹೋಗುತ್ತಿದ್ದಳು. ಎಷ್ಟು ದಿನ ಹಾಗೆ ನಡೆಯಿತೋ. ಒಂದು ದಿನ ಕಾಲೇಜಿನಿಂದ ಬಂದಾಗ, ಎದುರಿನ ಮೂಲೆಯಲ್ಲಿ ಯಮುನಾಬಾಯಿ ಕುಳಿತಿದ್ದಳು. ಕೂಸು ಕೌದಿಯ ನಡುವೆ ಮಲಗಿತ್ತು. ಇಬ್ಬರ ಸೂಜಿಗಳೂ ಓಡುತ್ತಿದ್ದವು, ಒಂದು ಸಣ್ಣಗೆ, ಒಂದು ಉದ್ದಕ್ಕೆ.

ಹೀಗೆಂದು ನನ್ನ ನೆನಪು. ಆ ತಿಂಗಳುಗಳ ಡೈರಿಯಲ್ಲಿ ಪರೀಕ್ಷೆಯ ಓದಿನ ಪಟ್ಟಿ ಬಿಟ್ಟರೆ ಏನೂ ಇಲ್ಲ. ಆದ್ದರಿಂದ ಇದು ನನ್ನನ್ನು ನಾನು ಕ್ಷಮಿಸಿಕೊಳ್ಳಲು ಕಟ್ಟಿಕೊಂಡ ಚಿತ್ರವೂ ಆಗಿರಬಹುದು. ನನ್ನ ಬಳಿ ಇರುವ ಸಾಕ್ಷಿ ಒಂದೇ. ಆ ಕೌದಿ ನಮ್ಮ ಮನೆಯಲ್ಲಿ ಉಳಿಯಲಿಲ್ಲ, ಮತ್ತು ಅವ್ವ ಅರ್ಧ ಹೊಲಿದದ್ದನ್ನು ಯಾರಿಗೂ ಕೊಟ್ಟವಳಲ್ಲ. ಯಮುನಾಬಾಯಿ ನನ್ನನ್ನು ಮತ್ತೆ ಸರೂ ಎಂದು ಕರೆದದ್ದಕ್ಕೆ ಮಾತ್ರ ಸಾಕ್ಷಿ ಡೈರಿಯಲ್ಲೂ ಇಲ್ಲ, ನೆನಪಿನಲ್ಲೂ ಇಲ್ಲ.

ಮೊನ್ನೆ ಭೂತಗನ್ನಡಿ ಹಿಡಿದು ಆ ಫೋಟೋವನ್ನು ಮತ್ತೆ ನೋಡಿದೆ. ಅತಿಥಿಗಳ ಎದೆಯ ಮೇಲೆ ಕೌದಿ ಬಿಗಿಯಾಗಿರುವ ಜಾಗದಲ್ಲಿ ಸಾಲುಗಳು ಕಾಣುತ್ತವೆ. ಒಂದು ಸಾಲು ಸಣ್ಣ ಹೊಲಿಗೆ, ಒಂದು ಸಾಲು ಉದ್ದ, ಮತ್ತೆ ಸಣ್ಣ, ಮತ್ತೆ ಉದ್ದ. ಸಂಘದವರ ಕಣ್ಣೆದುರೇ ಇಷ್ಟು ವರ್ಷ ಅದು ಇತ್ತು. ಯಾರೂ ನೋಡಲಿಲ್ಲ. ನೋಡಿದರೂ ಓದಲು ಬರಬೇಕಲ್ಲ.

ಇಲ್ಲಿಯವರೆಗಿನದನ್ನು ಬರೆದು ಕಳಿಸಿದ್ದೆ. ನಿನ್ನೆ ಸ್ನೇಹಾ ಫೋನ್ ಮಾಡಿದಳು.

"ಆಂಟಿ, ಕಮಿಟಿಯವರು ಓದಿದರು. ಬಹುತ್ ಅಚ್ಛಾ ಅಂದರು. ಆದರೆ ಸ್ವಲ್ಪ ಲಾಂಗ್ ಆಯ್ತಂತೆ. ಮತ್ತೆ ಲಲಿತಾ ಆಂಟಿಯ ಫ್ಯಾಮಿಲಿಯವರು ಫಂಕ್ಷನ್‌ಗೆ ಬರ್ತಾರೆ ನಾ. ಅಲ್ಲಲ್ಲಿ ಸ್ವಲ್ಪ ಸರಿಮಾಡ್ತಾರಂತೆ. ಚಲೇಗಾ?"

"ಸರಿಮಾಡುವುದಿದ್ದರೆ ಫೋಟೋದ ಕೆಳಗಿನ ಸಾಲನ್ನು ಸರಿಮಾಡಲಿ," ಎಂದೆ. "ಉಳಿದದ್ದನ್ನು ಮುಟ್ಟುವುದಾದರೆ ಅಚ್ಚು ಹಾಕುವುದೇ ಬೇಡ. ನಾನು ಹೇಳುತ್ತೇನೆ, ಬರೆದುಕೋ."

ಅವಳಿಗೆ ಕನ್ನಡ ಬರೆಯುವುದು ನಿಧಾನ. ಒಂದೊಂದೇ ಪದ ಹೇಳಿದೆ.

"ಕೌದಿ ಹೊಲಿದವರು ಪರೇಲಿನ ಪಾರವ್ವ ಮತ್ತು ಯಮುನಾಬಾಯಿ. ಶೇವಂತಾಳ ಕೂಸಿಗೆಂದು ಹೊಲಿದದ್ದು, ಕೂಸಿಗೆ ತಲುಪಲಿಲ್ಲ. ಬಲತುದಿಯಲ್ಲಿ ತಟ್ಟೆ ಹಿಡಿದು ನಗುತ್ತಿರುವವಳು ಅದರ ಮೂಲೆಗಳನ್ನು ಬಿಚ್ಚಿದವಳು."

ಆ ಕಡೆ ಪೆನ್ನು ನಿಂತಿತು.

"ಆಂಟಿ, ಬಲತುದಿ ಅಂದರೆ ನೀವೇ ಅಲ್ವಾ?"

"ಹೌದು," ಎಂದೆ. "ಹೆಸರು ಪೂರ್ತಿ ಹಾಕು."